ಇದು ಮಡಿವಾಳಯ್ಯನವರ ಪ್ರಯತ್ನದಿಂದ ಆಯಿತು

ಮಳಖೇಡದ ಮಡಿವಾಳಯ್ಯನವರ ಅಂಗಳದಲ್ಲಿ ಒಂದು ಶಹಾಬಾದಿ ಕಲ್ಲು ಇತ್ತು. ನಮ್ಮ ಕಡೆ ಶಹಾಬಾದಿ ಕಲ್ಲಿಲ್ಲದ ಅಂಗಳವೇ ಇಲ್ಲ ಅನ್ನಿ. ನೆಲಕ್ಕೆ ಅದೇ, ಗೋಡೆಗೆ ಅದೇ, ಬಚ್ಚಲಿಗೂ ಅದೇ. ಆದರೆ ಈ ಕಲ್ಲು ಬೇರೆ. ಇದರ ಒಂದು ಮೈಯನ್ನು ಕನ್ನಡಿಯಂತೆ ಉಜ್ಜಿ, ಕೆಳಗಿನ ಅರ್ಧದಲ್ಲಿ ದುಂಡಗಿನ ಅಕ್ಷರಗಳಿಂದ ‘ಇದು ಶ್ರೀ ಮಡಿವಾಳಯ್ಯನವರ ಪ್ರಯತ್ನದಿಂದ ಆಯಿತು’ ಎಂದು ಕೆತ್ತಲಾಗಿತ್ತು. ಏನು ಆಯಿತು ಎಂಬುದನ್ನು ಹೇಳಬೇಕಾದ ಮೇಲಿನ ಅರ್ಧ ಮಾತ್ರ ಖಾಲಿ.

ಇದಕ್ಕೆ ಕಾರಣವಿತ್ತು. ಸೊಸೈಟಿಯಲ್ಲಿ ಗುಮಾಸ್ತರಾಗಿದ್ದ ಮಡಿವಾಳಯ್ಯನವರು ಒಂದು ಕಾಲದಲ್ಲಿ ಊರ ಹೊರಗೆ ಬಸ್ಸು ಕಾಯುವವರಿಗೊಂದು ನೆರಳು ಮಾಡಿಸಬೇಕೆಂದು ಕಲಬುರಗಿಗೆ ಅಲೆದು ಅಲೆದು ಮಂಜೂರಿ ಮಾಡಿಸಿದ್ದರು. ಮಂಜೂರಾಯಿತು ಎಂದು ಕಿವಿಗೆ ಬಿದ್ದ ದಿನವೇ ಶಹಾಬಾದಿಗೆ ಹೋಗಿ ಕಲ್ಲು ಕೆತ್ತುವ ದೇವೀಂದ್ರಪ್ಪನಿಗೆ ಕೆಲಸ ಒಪ್ಪಿಸಿದರು. ನೆರಳಿಗೆ ಸರ್ಕಾರ ಏನು ಹೆಸರಿಡುತ್ತದೋ ಆಗ ಗೊತ್ತಿರಲಿಲ್ಲ. ದೇವೀಂದ್ರಪ್ಪ, “ಮೊದಲ ನಿಮ್ಮ ಹೆಸರು ಕೆತ್ತತೀನ್ರಿ ಅಯ್ಯಾರ. ಅದು ಬದಲಾಗಲ್ಲ. ಕೆಲಸ ಆದ ಮ್ಯಾಲ ಕೆಲಸದ ಹೆಸರು ಕೆತ್ತೋಣ” ಎಂದ. ನೆರಳು ಎದ್ದಿತು. ಆದರೆ ಬೇರೆ ಕಡೆ, ಬೇರೆ ಯಾರದೋ ಹೆಸರಿನಲ್ಲಿ ಎದ್ದಿತು. ಕಲ್ಲು ಮನೆಗೆ ಬಂತು.

ಮನೆಯಾಕೆ ಸೂಗಮ್ಮ ಯಾವ ವಸ್ತುವನ್ನೂ ಸುಮ್ಮನೆ ಕೂಡಿಸುವ ಹೆಂಗಸಲ್ಲ. ಕಲ್ಲಿನ ಖಾಲಿ ಅರ್ಧದ ಮೇಲೆ ಹಪ್ಪಳ ಒಣಹಾಕತೊಡಗಿದಳು. ಬಂದವರು ಮೇಲೆ ಹಪ್ಪಳ ನೋಡಿ, ಕೆಳಗೆ ಅಕ್ಷರ ಓದಿ, “ಓಹೋ, ಹಪ್ಪಳ ಅಯ್ಯಾರ್ದು!” ಎನ್ನುವರು.

“ಉದ್ದು ಬೀಸಿದಾಕಿ ನಾ, ಕುಟ್ಟಿದಾಕಿ ನಾ, ಹೆಸರು ಇವರದು,” ಎಂದು ಸೂಗಮ್ಮ ಒಳಗಿನಿಂದಲೇ ಹೇಳುವಳು.

ಆದರೆ ಆ ಖಾಲಿ ಅರ್ಧವನ್ನು ತುಂಬಿಸಿ, ಆ ಕಲ್ಲು ನಾಲ್ಕು ಜನ ಓಡಾಡುವ ಜಾಗದಲ್ಲಿ ನಿಂತದ್ದನ್ನು ನೋಡದೆ ತಾವು ರಿಟೈರ್ ಆಗುವುದಿಲ್ಲ ಎಂಬ ಹಟ ಮಡಿವಾಳಯ್ಯನವರಿಗಿತ್ತು. ರಿಟೈರ್ ಆಗುವ ವರ್ಷ ಇದೇ ಆಗಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಅವರ ಮಗಳು ಶಿವರಂಜನಿ ಮತ್ತು ಅವಳ ಗೆಳತಿ ಸಾಯಿರಾ ಕಟ್ಟೆಯ ಮೇಲೆ ಕುಳಿತು ಒಂದೇ ಫೋನಿಗೆ ಎರಡು ತಲೆ ಕೊಟ್ಟಿದ್ದರು. ಸಾಯಿರಾ ಶಹಾಬಾದಿನವಳು, ಇಬ್ಬರೂ ಒಂದೇ ಕಾಲೇಜು. ಫೋನಿನಲ್ಲಿ ಎಂಟು ಕೈಯ ಒಬ್ಬ ಗಟ್ಟಿಯಾಳು ಯಾರನ್ನೋ ಎತ್ತಿ ಗೋಡೆಗೆ ಬಡಿಯುತ್ತಿದ್ದ.

“ಇಂವ ಯಾರು?” ಎಂದರು ಮಡಿವಾಳಯ್ಯನವರು.

“ವಜ್ರಬಾಹು ಅಂತರಿ ಅಪ್ಪಾ. ‘ಕೋಟೆ ಕಾಳಗ’ ಆಟದಾಂವ. ಇಕಿ ಮೆಚ್ಚಿದಾಕಿ ‘ಗಲ್ಲಿ ರಣ’ದ ರಾಣಿ ಜ್ವಾಲೆ. ಬಾಯಾಗಿಂದ ಬೆಂಕಿ ಬಿಡ್ತಾಳ.”

“ಇವರಿಬ್ಬರದು ಕುಸ್ತಿ ಆದ್ರ ಯಾರು ಗೆಲ್ತಾರ?”

ಇಬ್ಬರೂ ಹುಡುಗಿಯರು ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಊಟದ ಹೊತ್ತಿಗೆ ಗ್ಯಾಸ್ ಮುಗಿದವರು ಬಿಡುವಂಥ ನಿಟ್ಟುಸಿರು.

“ಅದೇ ಆಗವಲ್ದಲ್ರಿ ಅಂಕಲ್,” ಎಂದಳು ಸಾಯಿರಾ. “ಇವನ ಕಂಪನಿ ಬ್ಯಾರೆ, ಅಕಿ ಕಂಪನಿ ಬ್ಯಾರೆ. ಎರಡೂ ಕಡಿಯವರು ಒಂದ್ರಾಗ ಬರಬೇಕಂತ ಎಲ್ಲಾ ಫ್ಯಾನ್ಸ್ ವರ್ಷಗಟ್ಟಲೆ ಕೇಳಾಕತ್ತಾರ. ಕ್ರಾಸ್‌ಓವರ್ ಅಂತಾರ ಅದಕ್ಕ. ಮಾಲಕರು ಒಪ್ಪವಲ್ಲರು.”

“ಯಾಕ?”

“ತಮ್ಮಾಂವ ಸೋತ್ರ ಮರ್ಯಾದಿ ಹೋಗ್ತದಂತ ಅಂಜಿಕಿ ಇರಬೇಕು.”

ಇದು ಮಡಿವಾಳಯ್ಯನವರಿಗೆ ಕೂಡಲೇ ಅರ್ಥವಾಯಿತು. ಅರ್ಥವಾಗದಿದ್ದರೆ ಒಳ್ಳೆಯದಿತ್ತು. ಅವರ ಲೆಕ್ಕದಲ್ಲಿ ಫೋನಿನಲ್ಲಿ ಕಾಣುವುದೆಲ್ಲ ಎಲ್ಲೋ ಒಂದು ಕಡೆ ನಡೆದೇ ಇರಬೇಕು. ಕ್ರಿಕೆಟ್ಟೂ ಫೋನಿನಲ್ಲೇ ಕಾಣುತ್ತದೆ, ಹಾಗೆಂದು ಕ್ರಿಕೆಟ್ಟು ಸುಳ್ಳೇ? ಹೆಚ್ಚಿನ ಕೈಗಳನ್ನು ಕಟ್ಟಿಕೊಂಡಿರಬೇಕು. ಬೆಂಕಿಗೆ ಸೀಮೆಎಣ್ಣೆ ಇದೆ. ಜಗಳವಾಡಿದ ಇಬ್ಬರು ಮಾಲಕರನ್ನು ಒಪ್ಪಿಸುವುದು ಹರಿದು ಹಂಚಿಹೋದ ಅಣ್ಣತಮ್ಮಂದಿರನ್ನು ಸೊಸೈಟಿಯ ಸಭೆಗೆ ಕರೆತರುವುದಕ್ಕಿಂತ ಕಷ್ಟವೇ?

“ನಾ ಮಾಡಸ್ತೀನಿ,” ಎಂದರು.

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಸಾಯಿರಾ ಚೇಷ್ಟೆಗೆಂದು ತಮ್ಮ ಗುಂಪಿಗೆ ‘ಮಡಿವಾಳಯ್ಯ ಅಂಕಲ್ ಕ್ರಾಸ್‌ಓವರ್ ಮಾಡಸ್ತಾರಂತ’ ಎಂದು ಹಾಕಿದಳು. ವಾಡಿ, ಚಿತ್ತಾಪುರ, ಚಿಂಚೋಳಿ, ಅತ್ತ ಕುಂಚಾವರಂ ತನಕ ಹರಡಿದ್ದ ಅಭಿಮಾನಿಗಳ ಗುಂಪು ಅದು. ಕೈ ಮುಗಿದ ಚಿತ್ರಗಳು, ಹೂಮಾಲೆಗಳು ದಬದಬ ಬಂದು ಬಿದ್ದವು. ಚಿಂಚೋಳಿಯ ಒಬ್ಬ ‘ಅಂಕಲ್, ನೀವು ದೇವರು’ ಎಂದು ಬರೆದಿದ್ದ. ಮಡಿವಾಳಯ್ಯನವರು ಅದನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಅಂಗಳಕ್ಕೆ ಹೋಗಿ ಹಪ್ಪಳ ಸರಿಸಿ ಖಾಲಿ ಜಾಗವನ್ನು ಅಂಗೈಯಿಂದ ಒರೆಸಿ ನೋಡಿದರು.

ಮರುದಿನ ಅವರು ಒಂದು ಕೆಂಪು ವಸ್ತ್ರದಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಕಟ್ಟಿಕೊಂಡು ಸೇಡಂ ಬಸ್ಸು ಹತ್ತಿದರು. ಅವರ ವಿಚಾರ ಸರಳವಾಗಿತ್ತು. ಪೈಲ್ವಾನರು ಎಷ್ಟೇ ದೂರದವರಾಗಿರಲಿ, ಅವರಿಗೊಬ್ಬ ಗುರು ಇದ್ದೇ ಇರುತ್ತಾನೆ. ಗುರುಗಳಿಗೆ ಗುರುಗಳ ಗುರುತಿರುತ್ತದೆ. ಆದ್ದರಿಂದ ನಮ್ಮ ಸೀಮೆಯ ಗರಡಿಗಳ ಇಬ್ಬರು ದೊಡ್ಡ ವಸ್ತಾದರನ್ನು, ಅಂದರೆ ಸೇಡಂ ತಾಲೀಮಿನ ಹನುಮಂತ ವಸ್ತಾದರನ್ನೂ ಶಹಾಬಾದ ತಾಲೀಮಿನ ಅಬ್ದುಲ್ ಮಜೀದ ವಸ್ತಾದರನ್ನೂ ಕಂಡು ಒಂದು ಮಾತು ಹೇಳಿಸಿದರೆ ಕೆಲಸ ಆದಂತೆಯೇ. ದೊಡ್ಡವರ ಹತ್ತಿರ ಬರಿಗೈಯಲ್ಲಿ ಹೋಗಬಾರದು. ಅದಕ್ಕೇ ಎಲೆ, ಕಾಯಿ.

ಜೀವಮಾನವಿಡೀ ಗುಮಾಸ್ತಿಕೆ ಮಾಡಿ ಒಂದು ದಿನವೂ ಕುಸ್ತಿ ಮಣ್ಣು ತುಳಿಯದ ಅವರಿಗೆ ಎರಡು ಸಂಗತಿ ಗೊತ್ತಿರಲಿಲ್ಲ. ಒಂದು, ಕೆಂಪು ವಸ್ತ್ರದಲ್ಲಿ ವೀಳ್ಯ ಕಟ್ಟಿಕೊಂಡು ತಾಲೀಮಿಗೆ ಹೋಗುವುದೆಂದರೆ ಕುಸ್ತಿಗೆ ಕರೆಯುವುದು; ಎಲೆ ಬಾಯಿಗೆ ಹಾಕಿಕೊಂಡವನು ಅಖಾಡಕ್ಕೆ ಇಳಿಯಲೇಬೇಕು. ಎರಡು, ಈ ಇಬ್ಬರು ವಸ್ತಾದರು ಹರೆಯದಲ್ಲಿ ವಾಡಿಯಲ್ಲಿ ಹಿಡಿದ ಕುಸ್ತಿಯಲ್ಲಿ ಇಬ್ಬರೂ ಕೂಡಿಯೇ ಬಿದ್ದು, ಯಾರ ಬೆನ್ನು ಮೊದಲು ಮಣ್ಣಿಗೆ ಹತ್ತಿತೆಂಬ ಜಗಳದಲ್ಲಿ ಅಂದಿನಿಂದ ಮಾತು ಬಿಟ್ಟಿದ್ದರು. ಅವರು ಬಿಟ್ಟದ್ದಕ್ಕೆ ಅವರ ಶಿಷ್ಯರೂ ಬಿಟ್ಟಿದ್ದರು.

ಹನುಮಂತ ವಸ್ತಾದರು ಅಖಾಡದ ಕೆಮ್ಮಣ್ಣಿಗೆ ಮಜ್ಜಿಗೆ, ಅರಿಶಿನ ಹಾಕಿ ಕಲಸಿಸುತ್ತ ಹಗ್ಗದ ಮಂಚದ ಮೇಲೆ ಕುಳಿತಿದ್ದರು. ಮಡಿವಾಳಯ್ಯನವರು ಅವರ ಮುಂದೆ ಗಂಟು ಬಿಚ್ಚಿದರು. ಎಲೆ ಕಂಡದ್ದೇ ಮಣ್ಣು ಕಲಸುವವರ ಕೈ ನಿಂತಿತು.

“ಏನಿಲ್ರಿ ವಸ್ತಾದ,” ಎಂದು ಮಡಿವಾಳಯ್ಯನವರು ನಯವಾಗಿ ಸುರುಮಾಡಿದರು. “ಆ ಕಡಿಯವರು, ಈ ಕಡಿಯವರು ಒಬ್ಬರ ಕೈ ಒಬ್ಬರು ಹಿಡೀಲಾರದೆ ಭಾಳ ವರ್ಷ ಆಗ್ಯಾವ. ಇಬ್ಬರೂ ಒಂದೇ ಅಖಾಡದಾಗ ಬರಬೇಕಂತ ಮಂದಿ ಬಾಯಿ ಬಿಟ್ಟು ಕುಂತದ.”

“ಈ ಮಾತು ಎಲ್ಲಿಂದ ಸುರು ಆಯ್ತು?” ವಸ್ತಾದರ ದನಿ ತಗ್ಗಿತ್ತು.

ಮಡಿವಾಳಯ್ಯನವರು ಸಾಯಿರಾಳನ್ನು ನೆನೆದು, “ಸುರು ಆಗಿದ್ದು ಶಹಾಬಾದದಿಂದನೇ ಅನ್ರಿ” ಎಂದರು. ಸುಳ್ಳು ಹೇಳುವ ಸ್ವಭಾವ ಅವರದಲ್ಲ.

“ತನ್ನಾಂವ ಸೋಲ್ತಾನಂತ ಅಂಜಿದಾಂವ ಯಾಂವ?”

“ಇಬ್ಬರೂ ಅಂಜ್ಯಾರಂತ್ರಿ.”

ಹನುಮಂತ ವಸ್ತಾದರು ಎಲೆಗೆ ಕೈ ಹಾಕಿದರು. ಒಳಗಿನಿಂದ ಅವರ ಹೆಂಡತಿ ಲಕ್ಷ್ಮೀಬಾಯಿ, “ಏ, ತಿನಬ್ಯಾಡ್ರಿ! ನಿನ್ನೆ ರಾತ್ರಿ ಸಂಡಾಸಿನಾಗ ಕುಂತಾವರಿಗೆ ಏಳಾಕ ನಾ ಕೈ ಕೊಟ್ಟೀನಿ!” ಎಂದು ಕೂಗುತ್ತ ಓಡಿಬಂದಳು. ತಡವಾಗಿತ್ತು. ವಸ್ತಾದರು ಮೀಸೆ ಕುಣಿಸುತ್ತ ಅಗಿಯುತ್ತಿದ್ದರು.

ಶಹಾಬಾದಿನಲ್ಲಿ ಇನ್ನೂ ಬೇಗ ಮುಗಿಯಿತು. ಅಬ್ದುಲ್ ಮಜೀದ ವಸ್ತಾದರು ಸಾಯಿರಾಳ ಅಜ್ಜ; ಆದರೆ ಸಾಯಿರಾ ಕಾಲೇಜಿನ ಹಾಸ್ಟೆಲಿನಲ್ಲಿದ್ದಳು. ವಸ್ತಾದರು ಕೇಳಿದ್ದು ಒಂದೇ ಮಾತು: “ಸೇಡಂದಾಂವ ಎಲಿ ತಗೊಂಡನೇನು?”

“ತಗೊಂಡು ಅಲ್ಲೇ ತಿಂದ್ರಿ.”

“ತಿಂದ!” ವಸ್ತಾದರು ಎದ್ದು ನಿಂತರು, ಕುಳಿತರು, ಮತ್ತೆ ಎದ್ದರು. ಅವರಿಗೆ ಹಲ್ಲಿರಲಿಲ್ಲ, ಎಲೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಕೊಡಬೇಕಿತ್ತು. ಹೆಂಡತಿ ನಜಮುನ್ನೀಸಾ ಕುಟ್ಟಾಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, “ನಾ ಕುಟ್ಟಲ್ಲ. ನಿಮ್ಮ ಮಂಡಿಗೆ ಎಣ್ಣಿ ತಿಕ್ಕಿ ತಿಕ್ಕಿ ನನ್ನ ಕೈ ಸವದಾವ. ಈಗ ಕುಸ್ತಿ ಅಂತ, ಕುಸ್ತಿ!” ಎಂದಳು. ವಸ್ತಾದರು ಎಲೆಯನ್ನು ಸುರುಳಿ ಮಾಡಿ ಗುಳಿಗೆಯ ಹಾಗೆ ನೀರು ಕುಡಿದು ನುಂಗಿದರು.

“ಐತವಾರ. ವಾಡಿ. ಅದೇ ಮೈದಾನ,” ಎಂದರು, ಕಣ್ಣಲ್ಲಿ ನೀರು ತಂದುಕೊಂಡು. ಅಭಿಮಾನದ ನೀರೋ ಎಲೆ ಗಂಟಲಿಗೆ ಸಿಕ್ಕ ನೀರೋ ಹೇಳುವುದು ಕಷ್ಟ.

ಮಡಿವಾಳಯ್ಯನವರಿಗೆ ಒಂದೇ ಆಶ್ಚರ್ಯ: ದೊಡ್ಡವರು ಎಷ್ಟು ಸಲೀಸಾಗಿ ದಿನ ಸಹಿತ ಗೊತ್ತುಮಾಡಿಬಿಟ್ಟರು! ಮನೆಗೆ ಬಂದವರೇ ಚಪ್ಪಲಿ ಬಿಡುವ ಮೊದಲು, “ಆಯ್ತು ನೋಡವಾ. ಇಬ್ಬರೂ ಒಪ್ಪ್ಯಾರ. ಐತವಾರ ವಾಡಿಯೊಳಗ” ಎಂದರು.

“ಆ ಕಂಪನಿ ಎರಡೂ ಇರೋದು ಜಪಾನದಾಗ್ರಿ ಅಪ್ಪಾ,” ಎಂದಳು ಶಿವರಂಜನಿ. “ನೀವು ಹೋಗಿದ್ದು ಸೇಡಂ ಬಸ್ಸಿಗೆ.”

“ನಾವ್ ಯಾಕ ಜಪಾನಕ್ಕ ಹೋಗೋಣು? ಕೆಲಸ ಇದ್ದಾವರು ಬರ್ತಾರ.”

ಶಿವರಂಜನಿ ಬುದ್ಧಿವಂತ ಹುಡುಗಿ. ಆದರೆ ವರ್ಷಗಟ್ಟಲೆ ಹಂಬಲಿಸಿದ ವಸ್ತುವಿನ ಮುಂದೆ ಬುದ್ಧಿ ಎಷ್ಟು ಹೊತ್ತು ನಿಲ್ಲುತ್ತದೆ? ಅಷ್ಟರಲ್ಲಿ ಕಾಳಗಿ ಬಸ್ಸಿನ ಕಂಡಕ್ಟರು, ಚಿತ್ತಾಪುರದ ಕ್ಷೌರಿಕರು, ವಾಡಿ ಸ್ಟೇಷನ್ನಿನ ಚಹಾದವರು ಎಲ್ಲರೂ ‘ಐತವಾರ ಭಾರಿ ಕುಸ್ತಿ’ ಎಂದು ಹೇಳತೊಡಗಿದ್ದರು. ಇಷ್ಟು ಮಂದಿ ಹೇಳುತ್ತಿದ್ದರೆಂದರೆ ಏನೋ ಇದ್ದೇ ಇರಬೇಕು ಎಂದುಕೊಂಡಳು. ವಾಡಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಅಬ್ದುಲ್ ಕರೀಮ್ ಅಭಿಮಾನಿಗಳ ಮುಖಂಡ. ಅವನು ಅಂದೇ ರಟ್ಟು ಕತ್ತರಿಸಿ ವಜ್ರಬಾಹುವಿನ ಆರು ಹೆಚ್ಚುವರಿ ಕೈ ಮಾಡಲು ಕುಳಿತ.

ಸುದ್ದಿ ಪೊಲೀಸ್ ಠಾಣೆಗೂ ಮುಟ್ಟಿತು. ಹೊಸದಾಗಿ ಬಂದಿದ್ದ ಸಬ್ ಇನ್‌ಸ್ಪೆಕ್ಟರ್ ಶ್ರೀವಾಣಿ ಮಡಿವಾಳಯ್ಯನವರನ್ನು ಕರೆಸಿದರು.

“ಕುಂದ್ರಿ. ಎಷ್ಟು ಮಂದಿ ಬಡದಾಡ್ತಾರ?”

“ಬಡದಾಟ ಅಲ್ರಿ ಮೇಡಂ, ಪ್ರೀತಿದು. ಇಬ್ಬರೇ.”

“ಹತ್ಯಾರ ಗಿತ್ಯಾರ?”

“ಏನೂ ಇಲ್ರಿ. ಬರೇ ಕೈ.” ಮಡಿವಾಳಯ್ಯನವರು ಪ್ರಾಮಾಣಿಕರು, ಸ್ವಲ್ಪ ತಡೆದು, “ಒಬ್ಬಾಂವಗ ಎಂಟು ಅವರಿ” ಎಂದರು.

“ಎಂಟು ಏನು?”

“ಕೈ. ಮತ್ತ ಒಬ್ಬಾಕಿ ಬಾಯಾಗಿಂದ ಬೆಂಕಿ ಬಿಡ್ತಾಳ. ಹೆಣ್ಣುಮಗಳು, ಪಾಪ, ಜರಾ ಸಿಟ್ಟಿನಾಕಿ.”

ಶ್ರೀವಾಣಿ ಎದ್ದು ಮೇಜು ಸುತ್ತಿ ಬಂದರು. ಬಾಯಿಯ ವಾಸನೆ ಬರುವಷ್ಟು ಹತ್ತಿರ ಬಗ್ಗಿ ನೋಡಿದರು. ವಿಭೂತಿಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಕೊನೆಗೆ ಹವಾಲ್ದಾರನ ಕಡೆ ತಿರುಗಿ, “ನಾಕು ಮಂದಿ ಬಂದೋಬಸ್ತ್ ಹಾಕ್ರಿ. ಬೆಂಕಿ ಆರಿಸೋ ಗಾಡಿಗೂ ಹೇಳ್ರಿ. ಎದಕ್ಕೂ ಇರ್ಲಿ” ಎಂದರು.

ಶನಿವಾರ ದೇವೀಂದ್ರಪ್ಪ ಉಳಿ, ಸುತ್ತಿಗೆ ಹಿಡಿದು ಅಂಗಳಕ್ಕೆ ಬಂದ. “ಮ್ಯಾಲ ಏನ್ ಕೆತ್ತಲ್ರಿ?”

“ನಾಳಿ ಆಗ್ಲಿ. ಎಲ್ಲಾರ ಮುಂದ ಕೆತ್ತು. ಒಂದ್ ಸಲ ಅವಸರ ಮಾಡಿ ಕೆಟ್ಟೀನಿ.”

ಕಲ್ಲು ಟಂಟಂ ಗಾಡಿಯಲ್ಲಿ ವಾಡಿಗೆ ಹೊರಟಿತು. ಸೂಗಮ್ಮ ಹಪ್ಪಳ ತೆಗೆಯಲು ಒಪ್ಪದೆ, ಅವು ಒಣಗುವ ತನಕ ಬಿಡುವುದಿಲ್ಲವೆಂದು ಹಪ್ಪಳದ ಜೊತೆ ತಾನೂ ಗಾಡಿ ಹತ್ತಿದಳು.

ಐತವಾರ ವಾಡಿಯ ಮೈದಾನ ನೋಡುವಂತಿತ್ತು. ಒಂದು ಕಡೆ ರುಮಾಲು ಸುತ್ತಿದ ಹಳೆಯ ಕುಸ್ತಿಪ್ರಿಯರು, ಹಲಗೆ ಬಡಿಯುವವರು. ಇನ್ನೊಂದು ಕಡೆ ರಟ್ಟಿನ ಕಿರೀಟ, ಬೆಳ್ಳಿ ಕಾಗದದ ಕತ್ತಿ, ಮುಖಕ್ಕೆ ನೀಲಿ ಬಣ್ಣ ಬಳಿದುಕೊಂಡ ಅಭಿಮಾನಿಗಳು. ನಡುವೆ ಪೊಲೀಸರು, ಬೆಂಕಿ ಆರಿಸುವ ಕೆಂಪು ಗಾಡಿ. ರೈಲು ಬದಲಿಸಲು ಇಳಿದ ಪರವೂರವರು ತಮ್ಮ ಗಾಡಿ ಬಿಟ್ಟು ಇಲ್ಲಿಗೇ ಬಂದು ನಿಂತಿದ್ದರು. ಎಂಟು ಕೈಯ ಕರೀಮನ ಪಕ್ಕದಲ್ಲಿ ನಿಂತ ಒಬ್ಬ ಮುದುಕರು, “ಯಾವ ತಾಲೀಮು ತಮ್ಮಾ?” ಎಂದು ವಿಚಾರಿಸಿ, ಅವನ ಒಂದು ರಟ್ಟಿನ ತೋಳನ್ನು ಒತ್ತಿ ನೋಡಿ, “ಮೈ ಸಾಲದು. ಹಾಲು ಕುಡಿ” ಎಂದು ಬುದ್ಧಿ ಹೇಳಿದರು.

ಮಡಿವಾಳಯ್ಯನವರು ಕಲ್ಲಿನ ಪಕ್ಕದಲ್ಲಿ ಹೊಸ ಧೋತರ ಉಟ್ಟು ನಿಂತು ರಸ್ತೆ ನೋಡುತ್ತಿದ್ದರು. ಹಲಗೆ ಮೊಳಗಿತು. ಲಂಗೋಟಿ ಕಟ್ಟಿದ ಹನುಮಂತ ವಸ್ತಾದರು ಲಕ್ಷ್ಮೀಬಾಯಿಯ ಹೆಗಲು ಹಿಡಿದು ಒಂದು ಕಡೆಯಿಂದಲೂ, ಅಬ್ದುಲ್ ಮಜೀದ ವಸ್ತಾದರು ನಜಮುನ್ನೀಸಾಳ ಹೆಗಲು ಹಿಡಿದು ಇನ್ನೊಂದು ಕಡೆಯಿಂದಲೂ ಬಂದರು.

“ಇವರ್ಯಾಕ ಅರಿವಿ ಬಿಚ್ಚ್ಯಾರ?” ಎಂದರು ಮಡಿವಾಳಯ್ಯನವರು. “ಜಪಾನದವರು ಎಲ್ಲಿ?”

ಕರೀಮ್ ಅವರ ಮುಖ ನೋಡಿದ. ವಸ್ತಾದರನ್ನು ನೋಡಿದ. ಅವನ ಎಂಟೂ ಕೈ ಒಮ್ಮೆಲೇ ಜೋತುಬಿದ್ದವು. “ಅಯ್ಯಾರ, ವಜ್ರಬಾಹು, ರಾಣಿ ಜ್ವಾಲೆ... ಅವರು ಮನುಷ್ಯಾರೇ ಅಲ್ರಿ. ಬರೇ ಚಿತ್ರ. ಬಟನ್ ಒತ್ತಿದ್ರ ಆಡ್ತಾವ, ಬಿಟ್ರ ನಿಲ್ತಾವ.”

“ಹುಟ್ಟೇ ಇಲ್ಲ?”

“ಹುಟ್ಟೇ ಇಲ್ರಿ.”

ಮಡಿವಾಳಯ್ಯನವರು ಕಲ್ಲನ್ನು ನೋಡಿದರು. ಅದರ ಮೇಲೆ ತಮ್ಮ ಹೆಸರು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಆಮೇಲೆ ಅಖಾಡ ನೋಡಿದರು. ಇಬ್ಬರು ಮುದುಕರು ತೊಡೆ ತಟ್ಟುತ್ತಿದ್ದರು. ತಟ್ಟಿದಾಗ ತೊಡೆ ನಡುಗುತ್ತಿತ್ತು. ಇವರಲ್ಲಿ ಯಾರ ಎಲುಬು ಮುರಿದರೂ ಕಲ್ಲಿನ ಮೇಲೆ ಏನು ಬರೆಯಬೇಕಾದೀತೆಂದು ಹೊಳೆದದ್ದೇ ಅವರು ಧೋತರ ಎತ್ತಿಕೊಂಡು ಓಡಿದರು.

“ನಿಲ್ರಿ! ತಪ್ಪಾಗ್ಯಾದ! ನಾ ಕರೆದಿದ್ದು ನಿಮ್ಮನ್ನಲ್ಲ, ಚಿತ್ರದಾವರ್ನ!”

ಜನರ ಕೇಕೆಯಲ್ಲಿ ಅದು ಯಾರಿಗೂ ಕೇಳಲಿಲ್ಲ. ವೀಳ್ಯ ಕೊಟ್ಟವರೇ ಅಖಾಡಕ್ಕೆ ಇಳಿದದ್ದು ನೋಡಿ, ಕುಸ್ತಿಯ ತೀರ್ಪು ಹೇಳುವ ಪಂಚರಾಗಿ ಬಂದರೆಂದು ತಿಳಿದು ಯಾರೋ ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದರು. ವಸ್ತಾದರು ಕೈಗೆ ಕೈ ಹಚ್ಚಿದರು. ಕುತ್ತಿಗೆಗೆ ಕುತ್ತಿಗೆ ಕೊಟ್ಟು ನಿಂತರು. ಮೈದಾನ ಉಸಿರು ಹಿಡಿಯಿತು. ಬಹಳ ಹೊತ್ತಾದರೂ ಅವರು ಒಬ್ಬರನ್ನೊಬ್ಬರು ನೂಕುತ್ತಿದ್ದಾರೋ ಬೀಳದಂತೆ ಹಿಡಿದುಕೊಂಡಿದ್ದಾರೋ ತಿಳಿಯಲಿಲ್ಲ.

ಮಡಿವಾಳಯ್ಯನವರು ನಡುವೆ ತಲೆ ತೂರಿಸಿ, “ಬಿಡ್ರಿ ವಸ್ತಾದ, ಕೈ ಮುಗೀತೀನಿ” ಎಂದರು. ಹಾಗೆ ಬಂದ ಹೊಸ ಕುತ್ತಿಗೆಯನ್ನು ಇಬ್ಬರೂ ಅಭ್ಯಾಸಬಲದಿಂದ ಹಿಡಿದುಕೊಂಡರು. ಮೂವರೂ ಒಂದು ಸುತ್ತು ತಿರುಗಿದರು. ಮಾಲೆ ಹರಿಯಿತು. ಮೂವರೂ ಕೂಡಿ ಕೆಮ್ಮಣ್ಣಿನ ಮೇಲೆ ಬಿದ್ದರು.

ಧೂಳು ಇಳಿದಾಗ ಕಂಡದ್ದು ಇಷ್ಟು: ಮಡಿವಾಳಯ್ಯನವರು ಅಂಗಾತ, ಎರಡೂ ಭುಜ ಮಣ್ಣಿಗೆ ಹತ್ತಿಸಿ ಆಕಾಶ ನೋಡುತ್ತಿದ್ದರು. ಅವರ ಹೊಟ್ಟೆಯ ಮೇಲೆ ಆ ಕಡೆ ಒಬ್ಬ, ಈ ಕಡೆ ಒಬ್ಬ ವಸ್ತಾದರು ಬೋರಲು. ಇಬ್ಬರ ಬೆನ್ನಿಗೂ ಮಣ್ಣು ಹತ್ತಿರಲಿಲ್ಲ.

“ಚಿತ್!” ಎಂದರು ಒಬ್ಬ ಹಳೆಯ ಕುಸ್ತಿಪ್ರಿಯರು, ಎರಡೂ ಕೈ ಎತ್ತಿ. “ಪಂಚರು ಚಿತ್! ಇಬ್ಬರೂ ವಸ್ತಾದರು ಗೆದ್ದರು!”

ಹಲಗೆಯವರಿಗೆ ಹುಚ್ಚು ಹಿಡಿಯಿತು. ಅಭಿಮಾನಿಗಳು ರಟ್ಟಿನ ಕತ್ತಿಗಳನ್ನು ಮೇಲಕ್ಕೆ ತೂರಿದರು. ಬೆಂಕಿ ಗಾಡಿಯವನು ತಡೆಯಲಾರದೆ ಗಂಟೆ ಬಾರಿಸಿಬಿಟ್ಟ. ಸಬ್ ಇನ್‌ಸ್ಪೆಕ್ಟರ್ ಶ್ರೀವಾಣಿ ನಗು ಬಂದದ್ದಕ್ಕೆ ಟೋಪಿ ತೆಗೆದು ಅದರಲ್ಲಿ ಮುಖ ಮುಚ್ಚಿಕೊಂಡರು.

ಗೆದ್ದವರಿಬ್ಬರೂ ಮಾತ್ರ ಏಳಲಿಲ್ಲ. ಏಳಲು ಬರುತ್ತಿರಲಿಲ್ಲ. ಮಡಿವಾಳಯ್ಯನವರ ಹೊಟ್ಟೆಯ ಮೇಲೆ ಮುಖಾಮುಖಿಯಾಗಿ ಬಿದ್ದುಕೊಂಡೇ ಇದ್ದರು.

“ಮಂಡಿ?” ಎಂದರು ಮಜೀದ ವಸ್ತಾದರು.

“ಎಡದು,” ಎಂದರು ಹನುಮಂತ ವಸ್ತಾದರು. “ನಿಂದು?”

“ಎರಡೂ. ಏನ್ ಹಚ್ತೀ?”

“ಎಳ್ಳೆಣ್ಣಿ.”

“ಅದಕ್ಕ ನೋವು ನಿಂತಿಲ್ಲ. ಎಳ್ಳೆಣ್ಣಿಗಿ ಕರ್ಪೂರ ಹಾಕು, ಮಾರಾಯ. ಇಷ್ಟು ವರ್ಷ ಹೇಳಾವರು ಯಾರೂ ಇದ್ದಿಲ್ಲೇನು ನಿನಗ?”

“ನೀ ಮಾತ್ ಬಿಟ್ಟಿದ್ದಿ. ಯಾರು ಹೇಳ್ಬೇಕು?”

“ನನಗ ಉಸಿರು ಬರವಲ್ದು,” ಎಂದರು ಕೆಳಗಿನಿಂದ ಮಡಿವಾಳಯ್ಯನವರು.

ಆಗ ಲಕ್ಷ್ಮೀಬಾಯಿಯೂ ನಜಮುನ್ನೀಸಾಳೂ ಬಂದು ತಮ್ಮ ತಮ್ಮ ಗಂಡನನ್ನು ಎತ್ತಿದರು. ನೆಲದ ಮೇಲೆ ಕೂರಲು ಇಬ್ಬರಿಗೂ ಮಂಡಿ ಬಗ್ಗದು, ನಿಲ್ಲಲು ಸೊಂಟ ಒಲ್ಲದು. ಕೂರಿಸಲು ಏನಾದರೂ ಬೇಕಿತ್ತು. ಸೂಗಮ್ಮ ಕಲ್ಲಿನ ಮೇಲಿನ ಹಪ್ಪಳ ಬಳಿದುಕೊಂಡು, “ಇದರ ಮ್ಯಾಲ ಕುಂದರಸ್ರಿ” ಎಂದಳು. ಎರಡು ದಪ್ಪ ಗುಂಡುಕಲ್ಲು ಇಟ್ಟು ಮೇಲೆ ಕಲ್ಲು ಹಾಸಿದರು. ಹನುಮಂತ ವಸ್ತಾದರು ಕೂರಲು ಹೋಗಿ ತಟ್ಟನೆ ನಿಂತರು.

“ಹೆಸರು ಅದ. ಅಯ್ಯಾರ ಹೆಸರಿನ ಮ್ಯಾಲ ಕುಂಡಿ ಇಡೋದು ಪಾಪ.”

“ಹೌದಪ್ಪಾ, ಗುನಾ ಅದು,” ಎಂದರು ಮಜೀದ ವಸ್ತಾದರು.

ಎಲ್ಲರೂ ಕೈ ಹಚ್ಚಿ, ಮಡಿವಾಳಯ್ಯನವರ ಮೇಲಿನ ಗೌರವದಿಂದಲೇ, ಕಲ್ಲನ್ನು ಮಗುಚಿ ಹಾಕಿದರು. ಹೆಸರು ಕೆಳಗೆ ಹೋಯಿತು. ವಸ್ತಾದರಿಬ್ಬರೂ ಮೇಲೆ ಕೂತರು. ಅವತ್ತು ಕೂತವರು ಕತ್ತಲಾಗುವ ತನಕ ಏಳಲಿಲ್ಲ. ಈಗ ಪ್ರತಿ ಐತವಾರ ಬರುತ್ತಾರೆ. ಅವರ ಶಿಷ್ಯರು ಎದುರಿಗೆ ಕೈಗೆ ಕೈ ಹಚ್ಚುತ್ತಾರೆ, ಆ ಕಡೆ ಈ ಕಡೆ ಎನ್ನದೆ.

ಅವತ್ತೇ ದೇವೀಂದ್ರಪ್ಪ, ಕಲ್ಲನ್ನು ಮತ್ತೆ ಮಗುಚಿದರೆ ಖಾಲಿ ಅರ್ಧದಲ್ಲಿ ಏನು ಕೆತ್ತಬೇಕೆಂದು ಕೇಳಿದ. ‘ಸೇಡಂ-ಶಹಾಬಾದ ಕುಸ್ತಿ’ ಎಂದರು ಹನುಮಂತ ವಸ್ತಾದರು. ‘ಶಹಾಬಾದ-ಸೇಡಂ’ ಎಂದರು ಮಜೀದ ವಸ್ತಾದರು. ಇಬ್ಬರೂ ಎದ್ದು ನಿಲ್ಲುವ ಸೂಚನೆ ಕಂಡದ್ದೇ ಇಬ್ಬರು ಹೆಂಗಸರು ದೇವೀಂದ್ರಪ್ಪನ ಉಳಿಯನ್ನು ಕಸಿದುಕೊಂಡರು. ಅಲ್ಲಿಗೆ ಆ ವಿಷಯ ನಿಂತಿತು.

ಜಪಾನದ ಕಂಪನಿಗಳು ಇನ್ನೂ ಒಪ್ಪಿಲ್ಲ. ಅಭಿಮಾನಿಗಳು ಇನ್ನೂ ಕೇಳುತ್ತಲೇ ಇದ್ದಾರೆ. ಈ ನಡುವೆ ಶಿವರಂಜನಿ, ಸಾಯಿರಾ ಕರೀಮನ ಅಂಗಡಿಯ ಕಂಪ್ಯೂಟರಿನಲ್ಲಿ ತಮ್ಮದೇ ಒಂದು ಪುಟ್ಟ ಆಟ ಮಾಡಿ ಗುಂಪಿಗೆ ಬಿಟ್ಟರು. ಅದರಲ್ಲಿ ಒಂದು ಕಡೆ ಹನುಮಂತ ವಸ್ತಾದರು, ಇನ್ನೊಂದು ಕಡೆ ಮಜೀದ ವಸ್ತಾದರು. ಯಾರು ಯಾವ ಬಟನ್ ಒತ್ತಿದರೂ ನಡುವೆ ಧೋತರದವರೊಬ್ಬರು ಓಡಿಬಂದು ಅಂಗಾತ ಬೀಳುತ್ತಾರೆ. ಕುಂಚಾವರಂ ತನಕ ಮಂದಿ ಅವರನ್ನು ಬೀಳಿಸಿ ಬೀಳಿಸಿ ನಗುತ್ತಾರೆ. ಎರಡೂ ಬಟನ್ ಕೂಡಿಯೇ ಒತ್ತಿದರೆ ವಸ್ತಾದರು ಕುಸ್ತಿ ಬಿಟ್ಟು ಮಂಡಿಯ ವಿಚಾರ ಮಾತಾಡುತ್ತಾರೆ. ಸೂಗಮ್ಮ ಆಟವನ್ನು ಮೊದಲ ಸಲ ಆಡಿದ ದಿನ ಗಂಡನನ್ನು ಬೀಳಿಸುತ್ತ ಕೂತು ಒಲೆಯ ಮೇಲಿನ ಬೇಳೆ ಸೀಯಿಸಿದಳು.

ಮೊನ್ನೆ ಚಿಂಚೋಳಿಯ ಕಡೆಯವರೊಬ್ಬರು ವಾಡಿಯಲ್ಲಿ ರೈಲು ಇಳಿದು ಮೈದಾನ ಹಾಯ್ದು ಬಂದರು. ಕಲ್ಲಿನ ಮೇಲೆ ಇಬ್ಬರು ಮುದುಕರು ಕರ್ಪೂರದೆಣ್ಣೆಯ ವಾಸನೆ ಬೀರುತ್ತ ಕೇಕೆ ಹಾಕಿ ನಗುತ್ತಿದ್ದರು. ಕಲ್ಲಿನ ಅಡಿಯಿಂದ ಧೋತರ ಉಟ್ಟ ಎರಡು ಕಾಲು ಹೊರಗೆ ಚಾಚಿದ್ದವು.

ಅವರು ಗಾಬರಿಯಾಗಿ, “ಯಾರೋ ಬಿದ್ದಾರಲ್ರೀ! ಏನಾಗ್ಯಾದ ಅವರಿಗಿ?” ಎಂದರು.

“ಏನೂ ಆಗಿಲ್ಲ,” ಎಂದರು ಹನುಮಂತ ವಸ್ತಾದರು. “ತಮ್ಮ ಹೆಸರು ಓದಾಕತ್ತಾರ.”

ಕಲ್ಲಿನ ಕೆಳಗೆ, ಮಣ್ಣಿಗೆ ಬೆನ್ನು ಕೊಟ್ಟು, ಮೂಗಿನ ತುದಿಗೇ ಬಂದಿದ್ದ ದುಂಡಗಿನ ಅಕ್ಷರಗಳನ್ನು ಮಡಿವಾಳಯ್ಯನವರು ತೃಪ್ತಿಯಿಂದ ಮತ್ತೊಮ್ಮೆ ಓದಿದರು: ಇದು ಶ್ರೀ ಮಡಿವಾಳಯ್ಯನವರ ಪ್ರಯತ್ನದಿಂದ ಆಯಿತು. ಏನು ಆಯಿತು ಎಂಬುದನ್ನು ಇನ್ನು ಕೆತ್ತಬೇಕಾಗಿರಲಿಲ್ಲ. ಅದು ಮೇಲೆ ಕೂತು ಹರಟೆ ಹೊಡೆಯುತ್ತಿತ್ತು.